ಹನ್ನೊಂದು ಒಂದುಗಳು

ಶೇಷ ಏನೂ ಉಳಿಯಲಿಲ್ಲ. ಪಾಟಿಯ ಕೆಳಗಿನ ತುದಿಯಲ್ಲಿ ಮೇಲೆ ಒಂದು ಲಕ್ಷ ತೊಂಬತ್ತನಾಲ್ಕು ಸಾವಿರದ ಎಂಟುನೂರ ನಲವತ್ತೊಂದು, ಕೆಳಗೂ ಅದೇ ಒಂದು ಲಕ್ಷ ತೊಂಬತ್ತನಾಲ್ಕು ಸಾವಿರದ ಎಂಟುನೂರ ನಲವತ್ತೊಂದು. ಎಲ್ಲೋ ಕೈ ತಪ್ಪಿದೆ ಎಂದೇ ಮಾಣಿಕನಿಗೆ ಮೊದಲು ಅನ್ನಿಸಿತು. ಮೇಲಿನಿಂದ ಒಂದೊಂದೇ ಸಾಲಿಗೆ ಕಣ್ಣು ಇಳಿಸುತ್ತ ಬಂದ. ತಪ್ಪಿರಲಿಲ್ಲ. ಎದುರಿಗೆ ಮಂಚದ ಮೇಲೆ ಗೋಡೆಗೆ ಒರಗಿ ಕೂತ ಮುಜೀಬೋದ್ದೀನರು ಮೋತಿಬಿಂದುವಿನ ಪೊರೆ ಬಂದ ಕಣ್ಣುಗಳನ್ನು ಕಿಟಕಿಯ ಬೆಳಕಿನ ಕಡೆ ತಿರುಗಿಸಿಕೊಂಡು, ಎಂದಿನಂತೆ, ಆತುರವಿಲ್ಲದೆ ಕಾಯುತ್ತಿದ್ದರು. ಈ ಹಳೆಯ ಗಣಿತದ ಮೇಷ್ಟರು ಎಂಟು ವರ್ಷಗಳಿಂದ ಒಂದೇ ಸಂಖ್ಯೆಯ ಬೆನ್ನು ಹತ್ತಿದ್ದರು: ಒಂದರ ಪಕ್ಕ ಒಂದರಂತೆ ಹನ್ನೊಂದು ಒಂದುಗಳು. ಸಾವಿರದ ನೂರಾ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರಾ ಹನ್ನೊಂದು. ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದಕ್ಕೂ ಅದು ಭಾಗವಾಗುವುದಿಲ್ಲ ಎಂಬುದು ಅವರ ನಂಬಿಕೆ. ಉರ್ದುವಿನಲ್ಲಿ ಅಂಥ ಸಂಖ್ಯೆಗೆ ಮುಫ್ರದ್ ಎನ್ನುತ್ತಾರೆ, ಒಂಟಿಯಾದದ್ದು ಎಂದು. ಹೀಗೆ ಭಾಗವಾಗುವಂಥದು ಮುರಕ್ಕಬ್, ಕೂಡಿಸಿ ಕಟ್ಟಿದ್ದು. ನಂಬಿಕೆಯನ್ನು ಸಾಬೀತು ಮಾಡಲು ಅವರಿಗೆ ತಿಳಿದದ್ದು ಒಂದೇ ದಾರಿ. ಹಳೆಯ ಪುಸ್ತಕವೊಂದರ ಹಿಂದಿದ್ದ ಕೋಷ್ಟಕ ಹಿಡಿದು, ಎರಡು, ಮೂರು, ಐದು, ಏಳು ಎಂದು ಚಿಕ್ಕ ಮುಫ್ರದ್‌ಗಳಿಂದ ಶುರುಮಾಡಿ ಒಂದನ್ನೂ ಬಿಡದೆ ಭಾಗಿಸುತ್ತ ಹೋಗುವುದು. ಕಣ್ಣು ಇರುವ ತನಕ ತಾವೇ ಭಾಗಿಸಿದರು. ಕಣ್ಣು ಹೋದ ಮೇಲೆ ಪ್ರತಿ ಶುಕ್ರವಾರ ಸಾಲಿ ಬಿಟ್ಟ ನಂತರ ಅವರ ಹಳೆಯ ಶಿಷ್ಯ, ಈಗ ತಾನೂ ಮಾಸ್ತರನಾದ ಮಾಣಿಕ ಬಂದು ಭಾಗಿಸುತ್ತಿದ್ದ. ಈಗ ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರ ಸರದಿ.

"ಎಷ್ಟು ಉಳೀತು?" ಎಂದರು ಮುಜೀಬೋದ್ದೀನರು.

"ಹದಿನಾಲ್ಕು ಸಾವಿರದ ಎಂಟು ಉಳೀತರಿ, ಉಸ್ತಾದ್," ಎಂದ ಮಾಣಿಕ.

ಬಾಯಿಂದ ಆ ಸಂಖ್ಯೆ ಹೇಗೆ ಹೊರಟಿತೆಂದು ಅವನಿಗೇ ತಿಳಿಯಲಿಲ್ಲ. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ಹತ್ತು, ಇಪ್ಪತ್ತು ಎಂದು ದುಂಡಗಿನದೇನೋ ಬರುತ್ತಿತ್ತು. ಇದು ನಿಜದ ಶೇಷದಂತೆಯೇ ಸೊಟ್ಟಗೆ, ಮೂಲೆಮೂಲೆಯಾಗಿ ಬಂತು. ಮುಜೀಬೋದ್ದೀನರು ಗಡ್ಡ ನೀವಿಕೊಂಡು, ಹಾಗಾದರೆ ಮುಂದಿನದು ಎಂದರು. ಮಾಣಿಕ ಅಂಗೈಯಿಂದ ಪಾಟಿ ಒರೆಸಿದ. ಒರೆಸುವಾಗ ಒಳಗಿನ ಪರದೆಯ ಹಿಂದೆ ಅವರ ಮಗಳು ಮುನವ್ವರ ಬೇಗಂ ಪಾತ್ರೆ ಎತ್ತಿಡುವ ಸದ್ದಾಯಿತು. ಹೋದ ತಿಂಗಳು ಇದೇ ಹೊಸ್ತಿಲಲ್ಲಿ ಚಹಾದ ಕಪ್ಪು ಕೊಡುತ್ತ ಅವಳು ಹೇಳಿದ್ದಳು, ಅಣ್ಣ ಕರಾಚಿಗೆ ಹೋದ ಮೇಲೆ ಅಬ್ಬಾಗ ಇದೊಂದು ಲೆಕ್ಕ ಬಿಟ್ಟರೆ ಕೈಯಲ್ಲಿ ಏನೂ ಉಳಿದಿಲ್ಲ, ಇದು ಮುಗಿಯದೆ ಇದ್ದರೇ ಒಳ್ಳೇದು ಭಾಯ್ ಎಂದು. ಆಗ ಮಾಣಿಕ ನಕ್ಕಿದ್ದ. ಇಂಥ ಸಂಖ್ಯೆ ಒಂದು ಜನ್ಮಕ್ಕೆ ಮುಗಿಯುವುದಿಲ್ಲ ಬಿಡ್ರಿ ಆಪಾ ಎಂದಿದ್ದ. ಈಗ ಮುಂದಿನ ಸಂಖ್ಯೆಯನ್ನು ಭಾಗಿಸಿದ, ಅದರ ಮುಂದಿನದನ್ನೂ ಭಾಗಿಸಿದ. ಬಂದ ಶೇಷಗಳನ್ನು ನಿಜವಾಗಿಯೇ ಹೇಳಿದ. ಆದರೆ ಮುಗಿದುಹೋದ ಕೆಲಸವನ್ನು ಮುಗಿಯದಂತೆ ಮಾಡುತ್ತ ಕೂತಿದ್ದರಿಂದ ಆ ನಿಜಗಳೂ ಅವನ ನಾಲಿಗೆಗೆ ಸುಳ್ಳಿನಂತೆಯೇ ಹತ್ತಿದವು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಮದರಸಾದ ಹಿಂದಿನ ಗಲ್ಲಿಯಿಂದ ಚೌಬಾರಾದ ಕಡೆ ನಡೆಯುವಾಗ ಅಂಗಡಿಗಳ ಹಲಗೆಗಳು ಅವನ ಕಣ್ಣಿಗೆ ಬಿದ್ದವು. ನವೆಂಬರ್ ಒಂದರಂದು ಬೀದರ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಲಗೆಗಳ ಉರ್ದು ಅಕ್ಷರಗಳ ಮೇಲೆ ಬಿಳಿ ಬಣ್ಣ ಹೊಡೆದು ಕನ್ನಡ ಬರೆಯಲು ಶುರುಮಾಡಿದ್ದರು. ಒಂದೇ ಕೈ ಬಣ್ಣ ಹೊಡೆದಲ್ಲಿ ಕೆಳಗಿನದು ಇನ್ನೂ ಕಾಣುತ್ತಿತ್ತು. ನೀವೂ ನಾಗಪುರಕ್ಕೆ ಹೋಗಿದ್ದಿರೇನು ಎಂದು ಹೆಡ್‌ಮಾಸ್ತರ ಹಣಮಂತಪ್ಪನವರು ಕೇಳಿದ್ದು ನಿನ್ನೆ ತಾನೇ. ಅವರು ಧಾರವಾಡದ ಕಡೆಯಿಂದ ಹೊಸದಾಗಿ ಬಂದವರು, ಕೆಟ್ಟ ಮನುಷ್ಯರಲ್ಲ. ಖುರ್ಚಿಯಲ್ಲಿ ಕೂಡಿಸಿ, ಚಹಾ ತರಿಸಿ, ಬಾಗಿಲು ಮುಂದಕ್ಕೆ ಮಾಡಿ, ದನಿ ತಗ್ಗಿಸಿಯೇ ಕೇಳಿದ್ದರು. ನಿಮ್ಮ ಈ ನೌಕರಿಯ ಜಾಗ ಪರಿಶಿಷ್ಟ ಜಾತಿಯವರಿಗೆ ಇಟ್ಟದ್ದು. ಕಾಯಂ ಮಾಡಬೇಕೆಂದರೆ ಮೇಲಿನವರು ವಿಚಾರಿಸುತ್ತಾರೆ. ನಿಮ್ಮ ಕಡೆಯವರು ಬಹಳ ಮಂದಿ ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದಿದ್ದಾರಂತೆ. ಹಾಗೆ ಆದವರು ಈ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೇ ಕೇಳಿದೆ, ಎಂದರು. ಮಾಣಿಕ ಚಹಾದ ಕಪ್ಪಿನ ಕಿವಿ ಹಿಡಿದುಕೊಂಡು, ಅದರಲ್ಲಿ ತೇಲುವ ಕೆನೆಯ ಪದರನ್ನು ನೋಡುತ್ತ, "ನಾ ಮೊದಲಿನ ಹಂಗೇ ಇದ್ದೇನಿರಿ," ಎಂದಿದ್ದ. ಅವರ ಮುಖದ ಮೇಲೆ ನೆಮ್ಮದಿ ಮೂಡಿತು. ಆ ನೆಮ್ಮದಿಯನ್ನು ಕಂಡು ತಾನೂ ಹಲ್ಲು ಬಿಟ್ಟಿದ್ದು ನೆನಪಾಗಿ ಮಾಣಿಕನಿಗೆ ನಡುಬೀದಿಯಲ್ಲೇ ಕಿವಿಗಳು ಬಿಸಿಯಾದವು. ಮೊದಲಿನ ಹಾಗೆ ಎಂದರೆ ಹೇಗೆ? ಭಾತಂಬ್ರಾದ ಸಾಲಿಯಲ್ಲಿ ಬಾಗಿಲ ಹೊರಗೆ, ಚಪ್ಪಲಿಗಳ ಸಾಲಿನ ಪಕ್ಕ ಕೂತಿದ್ದ ಹಾಗೆಯೇ? ಆಗ ಹೊಸದಾಗಿ ಬಂದಿದ್ದ ಮುಜೀಬೋದ್ದೀನರು ಹದಿನೇಳರ ಮಗ್ಗಿ ಯಾರಿಗೆ ಬರುತ್ತದೆ ಎಂದು ಕೇಳಿ, ಹೊರಗಿನಿಂದ ಬಂದ ದನಿಯನ್ನು ಹಿಡಿದು ಹೊರಗೇ ಬಂದು, ಅವನನ್ನು ತೋಳು ಹಿಡಿದು ಒಳಗೆ ಕರೆದೊಯ್ದು ಮುಂದಿನ ಮಣೆಯ ಮೇಲೆ ಕೂಡಿಸಿದ್ದರು. ಯಾರೋ ಎದ್ದು ಹೊರಗೆ ಹೋದರು. ಹೋದವರು ಹೋಗಲಿ ಎಂದು ಅವರು ಕರಿಹಲಗೆಯ ಕಡೆ ತಿರುಗಿದ್ದರು.

ಹೋಗಿದ್ದು ನಿಜ. ಅಕ್ಟೋಬರಿನ ಆ ದಿನ ನಾಗಪುರದ ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬಿಳಿ ಬಟ್ಟೆ. ಅವ್ವ ಜಿಜಾಬಾಯಿ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು, ಜನರಲ್ಲಿ ಕಳೆದುಹೋಗುವವಳು ತಾನಲ್ಲ, ಮಗ ಎಂಬಂತೆ. ಮೈಕಿನಲ್ಲಿ ಮರಾಠಿಯ ಒಂದೊಂದು ಮಾತು ಬಂದಾಗಲೂ ಲಕ್ಷಗಟ್ಟಲೆ ಬಾಯಿ ಅದನ್ನೇ ತಿರುಗಿ ಹೇಳುತ್ತಿದ್ದವು. ಅವನೂ ಹೇಳಿದ. ತಾನು ಹೇಳುತ್ತಿರುವುದು ತನಗೇ ಕೇಳದಷ್ಟು ದೊಡ್ಡ ಸದ್ದು. ಹಿಂದಿರುಗುವ ರೈಲಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು, ಇನ್ನು ಮುಂದೆ ಯಾರಾದರೂ ಕೇಳಿದರೆ ಹೇಳುವುದಕ್ಕೆ ನಮಗೂ ಒಂದು ಮಾತು ಸಿಕ್ಕಿತು ಎಂದಿದ್ದಳು. ಕೇಳುವವರೇ ಇಲ್ಲದ ಊರಿನಲ್ಲಿ ಅದನ್ನು ಹೇಳುವುದು ಸುಲಭ ಎಂದು ಅವನಿಗೆ ಆಗಲೇ ಒಳಗೊಳಗೆ ಗೊತ್ತಿತ್ತು.

ನಾಗಪುರದಲ್ಲಿ ದೀಕ್ಷೆ ಕೊಟ್ಟ ಬಾಬಾಸಾಹೇಬರು ಹಿಂದಿನ ದಿನ ತೀರಿಕೊಂಡ ಸುದ್ದಿ ಆ ಶುಕ್ರವಾರ ಸಂಜೆ ಬೀದರದಲ್ಲಿ ಹಬ್ಬಿತು. ಚಹಾದಂಗಡಿಯ ರೇಡಿಯೋದ ಮುಂದೆ ನಿಂತು ಕೇಳಿದ ಮಾಣಿಕ, ಸುತ್ತ ಇದ್ದವರಲ್ಲಿ ಯಾರೂ ತನ್ನ ಮುಖ ನೋಡದಿರಲಿ ಎಂದು ತಲೆ ತಗ್ಗಿಸಿದ. ನೋಡಿದರೆ ಗೊತ್ತಾಗುತ್ತದೆ ಎಂಬ ಅಂಜಿಕೆ. ಗೊತ್ತಾದರೆ ಏನು ಎಂಬ ನಾಚಿಕೆ. ರವಿವಾರ ರೈಲಿನಲ್ಲಿ ಭಾಲ್ಕಿಗೆ ಹೋಗಿ, ಅಲ್ಲಿಂದ ನಡೆದು ಭಾತಂಬ್ರಾ ಮುಟ್ಟಿದಾಗ ಕೇರಿಯಲ್ಲಿ ಒಲೆ ಹೊತ್ತಿರಲಿಲ್ಲ. ಗಂಡಸರು ತಲೆ ಬೋಳಿಸಿಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಅವ್ವ ಅವನನ್ನು ಕಂಡು ಅಳಲಿಲ್ಲ. ದೇವರ ಗೂಡಿನಲ್ಲಿ ಈಗ ಏನೂ ಇರಲಿಲ್ಲ. ಎಣ್ಣೆಯ ಜಿಡ್ಡಿನ ಕಪ್ಪು ಗುರುತು ಮಾತ್ರ ಗೋಡೆಗೆ ಅಂಟಿಕೊಂಡಿತ್ತು, ಅದನ್ನೂ ಅವಳು ಬೂದಿಯಿಂದ ತಿಕ್ಕಿದಂತೆ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು, "ನಿಮ್ಮ ಸಾಲ್ಯಾಗ ಹೇಳಿದೇನು, ನಾವು ಏನಾಗೇವಿ ಅಂತ?" ಮಾಣಿಕ ಹೇಳಿದ್ದೇನೆ ಎಂದ. ಅವಳು ತಲೆಯಾಡಿಸಿ, ಸೆರಗಿನಿಂದ ಅವನ ಅಂಗಿಯ ತೋಳಿಗೆ ಹತ್ತಿದ್ದ ಬಳಪದ ಬಿಳಿ ಪುಡಿಯನ್ನು ಒರೆಸಿದಳು. ಅದು ಶುಕ್ರವಾರದ್ದು. ಅಷ್ಟು ದಿನ ಅದು ಅಲ್ಲೇ ಇತ್ತೆಂದು ಅವನಿಗೆ ತಿಳಿದಿರಲಿಲ್ಲ. ಮೂರು ಜನರಿಗೆ ಮೂರು ಸುಳ್ಳು. ಮೂರನ್ನೂ ಯಾರಿಗೂ ನೋವಾಗದಿರಲಿ ಎಂದೇ ಹೇಳಿದ್ದೆ ಎಂದು ತಿರುಗಿ ಹೋಗುವ ದಾರಿಯಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ನೋಡಿದ. ಹೆಡ್‌ಮಾಸ್ತರರಿಗೆ ಯಾವ ನೋವಾಗುತ್ತಿತ್ತು? ಆ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಮನಸ್ಸು ಬದಿಗೆ ಸರಿದು, ತೊಗರಿಯ ಹೊಲ, ಹಳಿಯ ಪಕ್ಕದ ಜಾಲಿ, ಏನನ್ನಾದರೂ ನೋಡತೊಡಗುತ್ತಿತ್ತು.

ಆ ವಾರ ಎಂಟನೆಯ ಇಯತ್ತೆಗೆ ಅವನು ಉರ್ದು ಬಿಟ್ಟು ಕನ್ನಡದಲ್ಲಿ ಲೆಕ್ಕ ಹೇಳಬೇಕಾಯಿತು. ಹುಡುಗರಿಗೂ ಹೊಸತು, ಅವನಿಗೂ ಹೊಸತು. ಹೊಸ ಪುಸ್ತಕದಲ್ಲಿ ಮುಫ್ರದ್ ಇರಲಿಲ್ಲ; ಮರಾಠಿ ಹುಡುಗರು ಹೇಳುವ ಮೂಳ ಸಂಖ್ಯೆಯೂ ಇರಲಿಲ್ಲ. ಅವಿಭಾಜ್ಯ ಎಂದಿತ್ತು. ಅವನು ಓದುವಾಗ ನಾಲಿಗೆ ತೊಡರಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಉರ್ದುವಿನಲ್ಲಿ ಅದು ಒಂಟಿ, ಮರಾಠಿಯಲ್ಲಿ ಅದು ಬೇರು, ಕನ್ನಡದಲ್ಲಿ ಒಡೆಯಲಾಗದ್ದು. ಹೆಸರು ಯಾವುದಾದರೂ ಸಂಖ್ಯೆ ತಾನು ಏನಿದೆಯೋ ಅದೇ ಆಗಿರುತ್ತದೆ, ಯಾರು ಕೇಳಿದರೂ ಅದರ ಉತ್ತರ ಬದಲಾಗುವುದಿಲ್ಲ ಎಂದು ಹುಡುಗರಿಗೆ ಹೇಳಲು ಹೋದವನು ಮಾತು ಅರ್ಧಕ್ಕೆ ಬಿಟ್ಟು, ಕರಿಹಲಗೆಯ ಕಡೆ ತಿರುಗಿ ನಿಂತ. ಬೆನ್ನ ಹಿಂದೆ ಇಡೀ ವರ್ಗ ಕಾಯುತ್ತಿತ್ತು. ಅವನು ಉದಾಹರಣೆಗೆ ಹದಿಮೂರು ಎಂದು ಬರೆದ. ಗಂಟೆ ಹೊಡೆಯುವ ತನಕ ಅದಕ್ಕಿಂತ ದೊಡ್ಡದನ್ನು ಬರೆಯಲಿಲ್ಲ.

ಮುಂದಿನ ಶುಕ್ರವಾರ ಹೋದಾಗ ಮುಜೀಬೋದ್ದೀನರ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ಪಿಂಚಣಿ ಇನ್ನು ಮುಂದೆ ಹೈದರಾಬಾದಿನಲ್ಲೇ ಸಿಗುವುದಂತೆ, ಇಲ್ಲಿಯದು ಯಾವಾಗ ಸರಿಹೋಗುವುದೋ ಯಾರಿಗೂ ಗೊತ್ತಿಲ್ಲ, ಅಲ್ಲಿ ಕಣ್ಣಿನ ಆಪರೇಶನ್ನೂ ಮಾಡಿಸಬಹುದು ಎಂದು ಮುನವ್ವರ ಬೇಗಂ ಹೇಳಿದಳು. ಅವಳ ಗಂಡನ ಮನೆ ಅಲ್ಲಿಯೇ. ಮುದುಕರು ಮಾತ್ರ ಎಂದಿನ ಜಾಗದಲ್ಲಿ ಎಂದಿನಂತೆ ಕೂತು, ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಮಾಣಿಕ ಕೂತ. ಪಾಟಿ ಇಸಿದುಕೊಂಡ. ಮುಂದಿನ ಸಂಖ್ಯೆಯನ್ನು ಅವರು ಬಾಯಲ್ಲೇ ಹೇಳಿದರು. ಅವನು ಬರೆಯಲಿಲ್ಲ. ಬಳಪವನ್ನು ಕೆಳಗಿಟ್ಟ.

"ಉಸ್ತಾದ್, ಹೋದ ಶುಕ್ರವಾರ ನಾ ಸುಳ್ಳು ಹೇಳಿದೆರಿ," ಎಂದ. "ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತಕ್ಕ ಏನೂ ಉಳೀಲಿಲ್ಲ. ಪೂರಾ ಹೋಯ್ತು."

ಪರದೆಯ ಹಿಂದಿನ ಸದ್ದು ನಿಂತಿತು. ಮುದುಕರ ಮುಖದಲ್ಲಿ ಏನೂ ಕದಲಲಿಲ್ಲ. ಅವರು ಲೆಕ್ಕಕ್ಕೆ ಉರ್ದು, ಉಳಿದ ಎಲ್ಲದಕ್ಕೂ ಬೀದರದ ಕನ್ನಡ ಆಡುವವರು. ಈಗ ಕನ್ನಡದಲ್ಲಿ ಮಾತಾಡಿದರು.

"ಅವತ್ತ ನಿನ್ನ ಬಳಪ ನಿಂತಿತ್ತು. ಏನರ ಉಳಿದ್ರ ಕೈ ಅದರ ಕೆಳಗ ಗೆರಿ ಎಳೀತದ. ಆ ಗೆರಿ ಸಪ್ಪಳ ನನಗ ಕೇಳಲಿಲ್ಲ. ಇವ ಇವತ್ತ ಹೇಳ್ತಾನ, ನಾಳಿ ಹೇಳ್ತಾನ ಅಂತ ವಾರ ಪೂರಾ ಕಾಯ್ದೆ."

ಮಾಣಿಕ ಹೇಳಬೇಕೆಂದುಕೊಂಡು ಬಂದಿದ್ದ ಮಾತುಗಳೆಲ್ಲ, ನಿಮಗೆ ಸಂಕಟವಾಗಬಾರದೆಂದು, ಊರು ಬಿಟ್ಟು ಹೋಗುವ ಹೊತ್ತಿನಲ್ಲಿ ಇದೂ ಬೇಡವೆಂದು, ಒಂದಕ್ಕಿಂತ ಒಂದು ಸಣ್ಣದಾಗಿ ಕಂಡವು.

"ಸಂಖ್ಯಾ ಹೋದ್ರ ಹೋಗ್ಲಿ," ಎಂದರು ಅವರು. "ನಾ ಅದನ್ನ ಹುಟ್ಟಿಸಿಲ್ಲ. ಪುಲೀಸ್ ಆ್ಯಕ್ಷನ್ ಆದ ಮ್ಯಾಲೆ ಬಾಗಿಲು ಹಾಕ್ಕೊಂಡು ಕೂತಾಗ, ಕೈ ಸುಮ್ಮನ ಇರಲಾರದ್ದಕ್ಕ ಒಂದು ಒಂದು ಒಂದು ಅಂತ ಬರದೆ. ಅದು ಒಡೀತದೋ ಇಲ್ಲೋ, ನಂದೇನದ? ಆದ್ರ ನೀ ನನಗ ದಯಾ ತೋರಿಸಿದಿ, ಮಾಣಿಕ. ನಿನ್ನ ಒಳಗ ಕೂಡಿಸಿದ ದಿನಾ ನಾ ನಿನಗ ದಯಾ ತೋರಿಸಿದ್ದಿಲ್ಲ. ಮಗ್ಗಿ ಬರ್ತಿತ್ತು, ಕೂಡಿಸಿದೆ."

ಅವರು ಕೋಪದಿಂದ ಹೇಳಲಿಲ್ಲ. ತಪ್ಪಿದ ಉತ್ತರವನ್ನು ತಿದ್ದುವ ಹಳೆಯ ದನಿಯಲ್ಲಿ ಹೇಳಿದರು. ಅದಕ್ಕೇ ಮಾಣಿಕನಿಗೆ ಕೂತ ನೆಲ ಸಾಲದಂತಾಯಿತು. ಎದ್ದು ಹೋಗಬೇಕೆನ್ನಿಸಿತು. ಹೋಗಲಿಲ್ಲ. ಕಿಟಕಿಯ ಬೆಳಕು ಮುದುಕರ ಮೊಣಕಾಲಿನಿಂದ ಚಾಪೆಗೆ ಇಳಿಯಿತು. ಮುನವ್ವರ ಬೇಗಂ ಒಳಗಿನಿಂದ ಬಂದು, ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದಳು. ಕೊನೆಗೆ ಮುಜೀಬೋದ್ದೀನರು ಉರ್ದುವಿನಲ್ಲಿ ಭಾಗಲಬ್ಧ ಎಷ್ಟು ಬಂತೆಂದು ಕೇಳಿದರು. ಐದು ಲಕ್ಷ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು ಎಂದ ಮಾಣಿಕ. ಒರೆಸಿ ಹಾಕಿದ್ದರೂ ಅದನ್ನು ಮರೆಯಲು ಆ ವಾರದಲ್ಲಿ ಒಂದು ಗಳಿಗೆಯೂ ಆಗಿರಲಿಲ್ಲ. ಮುದುಕರ ತುಟಿಗಳು ಅಲುಗಾಡಿದವು, ಬಾಯಲ್ಲೇ ಗುಣಿಸುತ್ತಿದ್ದರು. ಹಾಗಾದರೆ ದೊಡ್ಡದು ಮುರಕ್ಕಬ್ ಆಯಿತು, ಚಿಕ್ಕದು ಕೋಷ್ಟಕದಲ್ಲೇ ಇರುವ ಮುಫ್ರದ್, ಇನ್ನು ಈ ಎರಡನೆಯದು ಯಾವ ಜಾತಿ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಜಾತಿ ಎಂಬ ಮಾತು ಕಿವಿಗೆ ಬಿದ್ದಾಗ ಮಾಣಿಕ ಬೆಚ್ಚಿದ. ಅವರು ಲೆಕ್ಕದ ಅರ್ಥದಲ್ಲೇ ಆಡಿದ್ದರು. ಅವನು ಪಾಟಿಯನ್ನು ಎಳೆದುಕೊಂಡು, ಈಗಲೇ ಭಾಗಿಸಿ ನೋಡುತ್ತೇನೆ ಎಂದು ಬಳಪ ಎತ್ತಿದ. ಮುದುಕರು ಗಾಳಿಯಲ್ಲಿ ತಡವಿ ಅವನ ಕೈ ಹಿಡಿದರು.

"ಭಾಗಸೋದು ಬ್ಯಾಡ. ಇದು ಒಡೀಬೇಕಂದ್ರ ಇದರೊಳಗಿನ ಒಂದು ಪಾಲು ಏಳುನೂರ ಹದಿನೇಳರ ಒಳಗ ಇರಬೇಕು. ಇದನ್ನ ಒಡಿಯೋದು ಆ ದೊಡ್ಡದನ್ನೂ ಒಡೀಬೇಕಿತ್ತು. ಅಷ್ಟು ಸಣ್ಣವೆಲ್ಲ ನಾ ಕಣ್ಣು ಇದ್ದಾಗೇ ಹಚ್ಚಿ ನೋಡೇನಿ. ಒಂದೂ ಹತ್ತಲಿಲ್ಲ." ಹಿಡಿದ ಕೈಯನ್ನು ಪಾಟಿಯಿಂದ ಈಚೆಗೆ ತಂದರು. "ಇದು ಮುಫ್ರದ್ ಅದ. ಯಾರಿಗೂ ಕೇಳೋ ಜರೂರತ್ ಇಲ್ಲ. ಎಂಟು ವರ್ಷ ಪ್ರತಿ ಸಲ ಏನರ ಉಳೀತಲ್ಲ, ಅದೇ ಸಾಕ್ಷಿ ಅದ."

ಮಾಣಿಕ ಆ ಮಾತನ್ನು ಎರಡು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ. ನಿಜ. ಮುಗಿಯಿತು, ವ್ಯರ್ಥವಾಯಿತು ಎಂದು ತಾನು ಮರುಗಿ ಮುಚ್ಚಿಟ್ಟಿದ್ದ ಆ ಎಲ್ಲ ಶುಕ್ರವಾರಗಳು, ಅವಕ್ಕೂ ಹಿಂದೆ ಈ ಮನುಷ್ಯ ಒಬ್ಬನೇ ಕೂತು ಭಾಗಿಸಿದ ವರ್ಷಗಳು, ಒಂದೂ ದಂಡವಾಗಿರಲಿಲ್ಲ. ಮುದುಕರು ಅವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವನು ನಾಗಪುರಕ್ಕೆ ಹೋಗಿದ್ದನ್ನು, ಹೆಡ್‌ಮಾಸ್ತರರ ಎದುರು ಆಡಿದ್ದನ್ನು, ಅವ್ವನಿಗೆ ಹೇಳಿದ್ದನ್ನು ಅಲ್ಲೇ ಹೇಳಿದ. ಹೇಳುವಾಗ ಅಳು ಬರಬಹುದೆಂದುಕೊಂಡಿದ್ದ, ಬರಲಿಲ್ಲ. ಮುಜೀಬೋದ್ದೀನರು ಎಲ್ಲವನ್ನೂ ಕೇಳಿ, ಏನು ಮಾಡಬೇಕೆಂದು ಹೇಳಲಿಲ್ಲ. ಮಗಳನ್ನು ಕರೆದು ಊಟಕ್ಕೆ ಹಾಕು ಎಂದರು. ಇಬ್ಬರೂ ಊಟಕ್ಕೆ ಹಾಸಿದ ಒಂದೇ ದಸ್ತರಖಾನಿನ ಮುಂದೆ ಕೂತು ಜ್ವಾರಿಯ ರೊಟ್ಟಿ, ಬೇಳೆ ತಿಂದರು. ಅವರು ಬೀದರ ಬಿಟ್ಟದ್ದು ಅದರ ಮರುದಿನ.

ಸೋಮವಾರ ಮಾಣಿಕ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಕೂಡದೆ, ತಾನೂ ನಾಗಪುರಕ್ಕೆ ಹೋಗಿ ಬೌದ್ಧನಾದದ್ದನ್ನು ನಿಂತೇ ಹೇಳಿದ. ಹಣಮಂತಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ಕೇಳಿದಾಗಲೇ ಹೇಳಬಹುದಿತ್ತಲ್ಲ ಎಂದರು. ಆಮೇಲೆ, ಈಗಲೂ ನಾನು ಕೇಳಿಸಿಕೊಂಡಿಲ್ಲ ಅಂದುಕೊಳ್ಳಿರಿ, ಬಾಗಿಲು ಮುಚ್ಚಿಯೇ ಇದೆ ಎಂದರು. ಅವರು ಉಪಕಾರ ಮಾಡಲು ಹೊರಟಿದ್ದರು. ಮಾಣಿಕ ಹೋಗಿ ಬಾಗಿಲು ತೆರೆದ. ಹೊರಗೆ ಇಬ್ಬರು ಮಾಸ್ತರರು ನಿಂತಿದ್ದರು. ಅವರಿಗೂ ಕೇಳುವಂತೆ ಅದೇ ಮಾತನ್ನು ತಿರುಗಿ ಹೇಳಿದ. ಗಟ್ಟಿಯಾಗಿ ಹೇಳಬೇಕೆಂದಿದ್ದ. ದನಿ ಕೀರಲಾಗಿ ಬಂತು. ಆ ರವಿವಾರ ಭಾತಂಬ್ರಾಕ್ಕೆ ಹೋಗಿ, ಮೊದಲು ಸುಳ್ಳು ಹೇಳಿದ್ದೆ, ಈಗ ಹೇಳಿ ಬಂದೆ ಎಂದಾಗ ಜಿಜಾಬಾಯಿ ಅವನ ತಾಟಿಗೆ ರೊಟ್ಟಿ ಹಾಕಿದಳು, ಪಕ್ಕದಲ್ಲಿ ಕೂಡಲಿಲ್ಲ. ಹೊರಡುವಾಗ ಮಾತ್ರ ಊರ ಹೊರಗಿನ ತನಕ ಬಂದಳು.

ಫೆಬ್ರವರಿಯಲ್ಲಿ ಹುಕುಂ ಬಂತು. ಜಾಗ ಬೇರೆಯವರಿಗೆ, ಮಾಣಿಕನಿಗೆ ಔರಾದಿನ ಮಿಡ್ಲ್ ಸಾಲಿ, ಹಂಗಾಮಿಯಾಗಿ. ಸಂತಪುರದ ಮೇಲೆ ಹೋಗುವ ಬಸ್ಸಿನಲ್ಲಿ ಟ್ರಂಕನ್ನು ಮೊಣಕಾಲ ಸಂದಿಯಲ್ಲಿಟ್ಟುಕೊಂಡು ಕೂತು, ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ತಾನು ಈಗ ಹಗುರಾಗಬೇಕಿತ್ತಲ್ಲ ಎಂದು ಹುಡುಕಿ ನೋಡಿದ. ಹಗುರಾಗಿರಲಿಲ್ಲ. ಸೊಂಟ ನೋಯುತ್ತಿತ್ತು, ಅಷ್ಟೇ. ಔರಾದಿನಲ್ಲಿ ಇಳಿದು ಕೋಣೆ ವಿಚಾರಿಸಿದಾಗ ಒಂದು ಮನೆ ತೋರಿಸಿದರು. ಮನೆಯೊಡತಿ ಕಾಂತಾಬಾಯಿ ಬಾಗಿಲಿಗೆ ಬಂದು, ಮಾಸ್ತರ ಎಂದು ಕೇಳಿ ಸೆರಗು ಸರಿಮಾಡಿಕೊಂಡು, ಕೋಣೆ ಇದೆ ಎಂದು, ಬಾಡಿಗೆ ಹೇಳಿ, ಬಳಿಕ ನಿಮ್ಮದು ಯಾವ ಪೈಕಿ ಎಂದು ಕೇಳಿದಳು. ಬೌದ್ಧ ಎಂದ ಮಾಣಿಕ. ಹಾಗೆಂದರೇನು, ಮೊದಲು ಏನಿದ್ದಿರಿ ಎಂದಳು. ಅವನು ಟ್ರಂಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕೋಣೆಯಲ್ಲಿ ಕಾಳು ತುಂಬಿಟ್ಟದ್ದು ಈಗ ನೆನಪಾಯಿತೆಂದು ಹೇಳಿ ಅವಳು ಒಳಗೆ ಹೋದಳು. ಬಾಗಿಲು ಮೆಲ್ಲಗೇ ಮುಚ್ಚಿತು.

ಅವನು ಟ್ರಂಕನ್ನು ಹೆಗಲಿಗೆ ಏರಿಸಿಕೊಂಡು ಊರಿನ ಅಂಚಿನ ತನಕ ನಡೆದ. ಅಲ್ಲಿ ಕುರಿ ದೊಡ್ಡಿಯ ಪಕ್ಕದ ಮನೆಯ ಮುಂದೆ ಧೊಂಡಿಬಾ ಎಂಬ ಕುರಿಗಾರ ಉಣ್ಣೆಯ ಹುರಿ ಹೊಸೆಯುತ್ತಿದ್ದ. ಅವನ ಹೆಂಡತಿ ಸತ್ಯಮ್ಮ ಅಂಗಳ ಗುಡಿಸುತ್ತಿದ್ದಳು. ದೊಡ್ಡಿಗೆ ಅಂಟಿದ ಒಂದು ಕೋಣೆ ಬೀಗ ಹಾಕಿಕೊಂಡು ನಿಂತಿತ್ತು. ಮಾಣಿಕ ಟ್ರಂಕನ್ನು ಇಳಿಸಲಿಲ್ಲ. ಅವರು ಏನನ್ನೂ ಕೇಳುವ ಮೊದಲೇ ಹೇಳಿದ.

"ನಾ ಸಾಲಿ ಮಾಸ್ತರ ಇದ್ದೇನಿರಿ. ಬೌದ್ಧ ಇದ್ದೇನಿ. ಅವ್ವ ಭಾತಂಬ್ರಾದ ಕೇರ್ಯಾಗ ಇರ್ತಾಳ. ಇರಾಕ ಒಂದು ಕೋಲಿ ಬೇಕಾಗೇದ."

ಧೊಂಡಿಬಾ ಹುರಿ ಹೊಸೆಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಸತ್ಯಮ್ಮ ಕಸಬರಿಗೆಯನ್ನು ಹಿಡಿದುಕೊಂಡೇ ಅವನನ್ನು, ಹೆಗಲ ಮೇಲಿನ ಟ್ರಂಕನ್ನು, ಧೂಳು ಹತ್ತಿದ ಧೋತರವನ್ನು ನೋಡಿದಳು. ಆ ನೋಟ ಮುಗಿಯುವ ತನಕ ಅವನು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ದೊಡ್ಡಿಯೊಳಗೆ ಮರಿಯೊಂದು ಕೂಗಿತು.

"ಕೋಲಿ ಅದರಿ," ಎಂದಳು ಅವಳು, ಸ್ವಲ್ಪ ಸಂಕೋಚದಿಂದ. "ಆದ್ರ ಕುರಿ ಇರ್ತಾವ, ಮಳಿಗಾಲದಾಗ ಭಾಳ ವಾಸನಿ ಬರ್ತದ. ನಿಮಗ ನಡೀತದೇನ್ರಿ?"